ಚೀಲದ ತೂಕ

ಸ್ವಾಮಿ, ನಾನು ರೈಟರ್ ಬಸ್ತ್ಯಾಂ.
ಸಿದ್ದಾಪುರದಿಂದ ಪಾಲಿಬೆಟ್ಟಕ್ಕೆ ಹೋಗುವ ರಸ್ತೆಯ ತೋಟದಲ್ಲಿ
ಮೂವತ್ತೊಂದು ಕೊಯ್ಲು ಕಾಫಿ ತೂಗಿದವನು.
ನಿನಗೆ ಗೊತ್ತಿದೆ. ಆದರೂ ಹೇಳುತ್ತೇನೆ,
ಹೆಸರು ಕೂಗದೆ ಹಾಜರಿ ಹಾಕಿ ನನಗೆ ರೂಢಿಯಿಲ್ಲ.

ಒಂದು ಭಾನುವಾರದ ಪೂಜೆ ತಪ್ಪಿಸಿದವನಲ್ಲ.
ರಾತ್ರಿ ಆನೆ ಬಂದು ಸಮಾಧಿಗಳ ಬೇಲಿ ಮುರಿದ ದಿನವೂ
ಹಸಿ ಲದ್ದಿ ದಾಟಿಕೊಂಡು ಬಂದು
ಗಂಟೆ ಹೊಡೆದದ್ದು ನಾನೇ.
ತಪಸ್ಸುಕಾಲದ ನಲವತ್ತು ದಿನ
ಹಂದಿ ಮುಟ್ಟಲಿಲ್ಲ, ಗ್ಲಾಸು ಮುಟ್ಟಲಿಲ್ಲ.
ಮುಟ್ಟಿದವರು ಯಾರು ಯಾರೆಂದು ಮಾತ್ರ
ಬಾಯಿಪಾಠ ಇತ್ತು.

ಇನಾಸನನ್ನು ಹಿಡಿದುಕೊಟ್ಟವನೂ ನಾನೇ.
ಗೊಬ್ಬರದ ಟ್ರ್ಯಾಕ್ಟರಿನಲ್ಲಿ, ಟಾರ್ಪಾಲಿನ ಅಡಿ,
ಮೂರು ಚೀಲ ಪಾರ್ಚ್‌ಮೆಂಟು.
ಹೋಗಲಿ ಬಿಡು ಎಂದರು ಸಾಹುಕಾರರು.
ನಾನು ಬಿಡಲಿಲ್ಲ, ಠಾಣೆಗೆ ನಡೆದೆ.
ಹನ್ನೊಂದು ತಿಂಗಳು ಒಳಗಿದ್ದ.
ಅವನ ಹೆಂಡತಿ ಲೂದ್ರಿನಾ ಬಾಗಿಲಿಗೆ ಬಂದಾಗ
ನ್ಯಾಯ ನ್ಯಾಯವೇ ಅಮ್ಮಾ ಎಂದೆ.
ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು,
ನಿನ್ನ ವರವೆಂದುಕೊಂಡೆ.

ಒಂಬತ್ತು ವರ್ಷದ ಮೇಲೆ
ಮೊನ್ನೆ ಭಾನುವಾರ ಅವನು ಬಂದ.
ಕೊನೆಯ ಬೆಂಚಿನಲ್ಲಿ ಕೂತಿದ್ದರೆ ಸಹಿಸುತ್ತಿದ್ದೆ.
ಫಾದರ್ ಮುಂದೆ ಕರೆದು ವಾಚನ ಓದಿಸಿದರು.
ತಡವರಿಸಿ, ಬೆರಳಿಟ್ಟು, ಸಾಲು ತಪ್ಪಿ,
ಕೃಪೆ ಎಂಬಲ್ಲಿ ಕುರುಪೆ ಎಂದ.
ಯಾರೂ ನಗಲಿಲ್ಲ.
ಎದ್ದು ಹೊರಬಂದೆ,
ಪರಮಪ್ರಸಾದಕ್ಕೆ ಮೊದಲೇ.

ಹೊರಗೆ ಸೆಕೆ.
ಸಿಲ್ವರ್ ಓಕಿನ ಕೆಳಗೆ ರೊಬಸ್ಟಾ ಗಿಡಗಳು
ಮೊಗ್ಗು ಕಚ್ಚಿಕೊಂಡು ನಿಂತಿದ್ದವು,
ಹೂಮಳೆ ಬರುವ ತನಕ ಅವು ಏನು ಮಾಡಿಯಾವು?
ಪಂಪು ಇದ್ದವರು ಸ್ಪ್ರಿಂಕ್ಲರ್ ಹಾಕಿಸಿಕೊಂಡಿದ್ದರು.
ನಾನೂ ಒಂದು ಇಟ್ಟುಕೊಂಡಿದ್ದೆ ಸ್ವಾಮಿ,
ನನ್ನ ಹೂವು ನಾನೇ ಅರಳಿಸಿಕೊಳ್ಳುವುದಕ್ಕೆ.

ಸಮಾಧಿಗಳ ಪಕ್ಕದ ಕಟ್ಟೆಯಲ್ಲಿ ಕೂತೆ.
ಸಿಟ್ಟು ಬಂದರೆ ನಾನು ಲೆಕ್ಕ ಹಾಕುತ್ತೇನೆ.
ಅವನು ಕದ್ದದ್ದು ಮೂರು.
ಆಮೇಲೆ, ಯಾಕೋ, ಎರವರ ಚೋಮಿ ನೆನಪಾದಳು.
ತಕ್ಕಡಿಯ ಮುಳ್ಳು ನೋಡಿ, ನನ್ನ ಪುಸ್ತಕ ನೋಡಿ,
ಏನೂ ಅನ್ನದೆ
ಎಲೆಅಡಿಕೆ ಉಗಿದು ಹೋಗುತ್ತಿದ್ದಳು.
ಚೀಲದ ತೂಕವೆಂದು ಒಂದು ಕಿಲೊ,
ಇಬ್ಬನಿಯ ತೂಕವೆಂದು ಇನ್ನೊಂದು,
ಎಲ್ಲರಿಗೂ ಕಳೆಯುತ್ತಿದ್ದೆ.
ಮಟಮಟ ಮಧ್ಯಾಹ್ನದಲ್ಲೂ ಇಬ್ಬನಿ!
ನನ್ನ ಜೇಬಿಗೆ ಒಂದು ಬೀಜವೂ ಬೀಳಲಿಲ್ಲವಲ್ಲ,
ಪಾಪನಿವೇದನೆಯಲ್ಲಿ ಅದು ಬಾಯಿಗೆ ಬರಲೇ ಇಲ್ಲ.
ಚೀಲ ಬಿಡು, ಆ ಇಬ್ಬನಿಯನ್ನಷ್ಟೇ ಹಿಡಿದರೂ
ನಲವತ್ತು ಆಳು, ಅರವತ್ತು ದಿನ, ಮೂವತ್ತೊಂದು ಕೊಯ್ಲು,
ಐವತ್ತರಿಂದ ಭಾಗಿಸಿದರೆ
ಸಾವಿರದ ನಾನೂರ ಎಂಬತ್ತೆಂಟು ಚೀಲ.
ಎರಡನೇ ಸಲವೂ ಅಷ್ಟೇ ಬಂತು.

ಯಾವ ಠಾಣೆಗೆ ನಡೆಯಲಿ?

ಆಗ ಬಿತ್ತು, ದೊಡ್ಡ ಹನಿ,
ಕಾದ ಹೆಂಚಿನ ಮೇಲೆ ಚುರ್ ಎಂದಿತು.
ಪಂಪಿದ್ದವನ ತೋಟಕ್ಕೂ ಇಲ್ಲದವನ ತೋಟಕ್ಕೂ,
ಆನೆ ಬೀಳಿಸಿದ ಶಿಲುಬೆಗೂ,
ಸಾಲಾಗಿ ನಿಲ್ಲಿಸಿದ ಸ್ಕೂಟರುಗಳಿಗೂ, ನನ್ನ ಬೋಳು ತಲೆಗೂ
ತೂಗದೆ ಸುರಿಯಿತು.

ಇಗರ್ಜಿಯ ಬಾಗಿಲಲ್ಲಿ ಇನಾಸ ನಿಂತಿದ್ದ,
ಕೈಯಲ್ಲಿ ಯಾರದ್ದೋ ಕೊಡೆ.
ಬಂದ್ರಾ ರೈಟ್ರೇ, ಎಂದ,
ನಾನೇ ಎಲ್ಲೋ ಹೋಗಿ ವರ್ಷಗಳಾಗಿದ್ದ ಹಾಗೆ.
ಬನ್ನಿ ಒಳಗೆ, ನೆನೀತೀರಿ. ಪೂಜೆ ಇನ್ನೂ ಮುಗಿದಿಲ್ಲ.

ಸೋಮವಾರ ಗೋಡೌನಿನಲ್ಲಿ ಯಾರೂ ಇರಲಿಲ್ಲ.
ಒಂದು ಖಾಲಿ ಗೋಣಿಯನ್ನು ಕೊಕ್ಕೆಗೆ ಸಿಕ್ಕಿಸಿದೆ,
ಇಷ್ಟು ವರ್ಷದಲ್ಲಿ ಮೊದಲ ಸಲ.
ಮುಳ್ಳು ಒಂದಿಷ್ಟು ಅಲುಗಿತು,
ಕಿಲೊದ ಗೆರೆ ಮುಟ್ಟಲಿಲ್ಲ.

ಚೋಮಿಯ ಲೈನುಮನೆ ಕೆರೆಯಾಚೆ.
ಹೋಗಬೇಕು.
ಏನು ಹೇಳುವುದೆಂದು ಇನ್ನೂ ಗೊತ್ತಿಲ್ಲ ಸ್ವಾಮಿ,
ಚಪ್ಪಲಿ ಮಾತ್ರ ಮೆಟ್ಟಿಕೊಂಡಿದ್ದೇನೆ.