ಎಪ್ಪತ್ತನಾಲ್ಕು, ಇಪ್ಪತ್ತೊಂದು

ನನ್ನ ತರಗತಿಯ ಕಿಟಕಿ ರನ್‌ವೇ ಕಡೆಗಿದೆ.
ಕಟ್ಟಿಸಿದವರು ಯಾರೋ, ಪಾಠ ಮಾಡಿದವರಂತೂ ಅಲ್ಲ.
ಬೆಳಿಗ್ಗೆ ಎಂಟಕ್ಕೆ ಪ್ರಾಥಮಿಕ ಜೀವಶಾಸ್ತ್ರ, ನಾಲ್ಕು ಕ್ರೆಡಿಟ್ಟು;
ಮಧ್ಯಾಹ್ನ ಅದೇ ಹುಡುಗರು ಹ್ಯಾಂಗರಿಗೆ ಓಡುತ್ತಾರೆ.
ಪೈಲಟ್ ಆಗುವವನಿಗೂ ಒಂದು ವಿಜ್ಞಾನ ಇರಲಿ ಎಂದು
ಕಾಲೇಜಿನ ಕಟ್ಟಳೆ. ಅದಕ್ಕೇ ಬಂದವರು.
ನಾನು ಮೈಟೊಕಾಂಡ್ರಿಯ ಅನ್ನುವಾಗ
ಹೊರಗೊಂದು ಸೆಸ್ನಾ ನೆಲ ತಾಗಿ ಎರಡು ಸಲ ಪುಟಿದರೆ
ಇಪ್ಪತ್ತನಾಲ್ಕು ಕತ್ತು ಒಟ್ಟಿಗೆ ತಿರುಗುತ್ತವೆ.
"ಬ್ರಾಕ್ ಇರಬೇಕು."
"ಅಲ್ಲ, ಅವನು ಮೂರು ಸಲ ಪುಟಿಸುತ್ತಾನೆ."

ಉತ್ತರ ಡಕೋಟ. ರೆಡ್ ನದಿಯ ಬಯಲು.
ಇಲ್ಲಿ ಗುಡ್ಡವೆಂದರೆ ಅಕ್ಟೋಬರಿನಲ್ಲಿ ಸುರಿದ
ಸಕ್ಕರೆ ಬೀಟಿನ ರಾಶಿ.

ಆರನೆಯ ವಾರ, ಅನುವಂಶೀಯತೆ.
ಪ್ರತಿ ವರ್ಷದಂತೆ ಚುಕ್ಕಿಗಳ ಹಾಳೆ ಎತ್ತಿ ಹಿಡಿದೆ.
ಎಪ್ಪತ್ತನಾಲ್ಕು, ಎಂದರು ಎಲ್ಲ.
ಇಪ್ಪತ್ತೊಂದು, ಎಂದ ಎವರೆಟ್ ಕೂಲ್ಮನ್.
ನಕ್ಕರು. ಅವನೂ ನಕ್ಕ,
ತಮಾಷೆ ತನ್ನದೇ ಇರಬೇಕೆಂದು.
ನಾನು ನಗದಿದ್ದದ್ದು ಕಂಡು ನಿಲ್ಲಿಸಿದ.

ಮುಂದಿನ ಹಾಳೆ ತಿರುವಬಾರದಿತ್ತು. ತಿರುವಿದೆ.
ಅದರಲ್ಲಿ ಅವನಿಗೆ ಅಂಕಿಯೇ ಇರಲಿಲ್ಲ,
ಕಾಳು ಚೆಲ್ಲಿದ ಹಾಗೆ ಬರೀ ಚುಕ್ಕಿ.

ಹನ್ನೆರಡು ಗಂಡಸರಲ್ಲಿ ಒಬ್ಬ ಎಂದು
ಹತ್ತೊಂಬತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ.
ಆ ಒಬ್ಬ ಈ ತನಕ
ಹೊಸ ಹೆಡ್‌ಸೆಟ್ ಮಡಿಲಲ್ಲಿಟ್ಟುಕೊಂಡು
ಮೊದಲ ಸಾಲಿನಲ್ಲಿ ಕೂತಿರಲಿಲ್ಲ.

ಚೌಕ ಗೀಚಿದೆ, ನಾಲ್ಕು ಮನೆ.
ತಾಯಿಯ ಎರಡು ಎಕ್ಸ್, ತಂದೆಯ ಒಂದು, ಮತ್ತೆ ವೈ.
"ಹಾಗಾದರೆ ನಮ್ಮಮ್ಮ?"
"ಆಕೆಗೆ ಎಲ್ಲ ಬಣ್ಣವೂ ಕಾಣುತ್ತದೆ. ದಾಟಿಸುತ್ತಾರೆ, ಅಷ್ಟೇ."
ಅಷ್ಟೇ ಎಂದ ನಾಲಿಗೆಯನ್ನು ಕಚ್ಚಿಕೊಂಡೆ.

ಎಲ್ಲರೂ ಹೋದ ಮೇಲೆ ಉಳಿದ.
ಅಮ್ಮ ವರ್ನಾ, ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಚಿಕ್ಕಂದಿನಲ್ಲಿ ಎರಡು ಜೊತೆ ಕೈಗವಸು, ಒಂದು ಹಸಿರು, ಒಂದು ಕೆಂಪು.
ಅವನದರ ಒಳಗೆ ಬಿಳಿ ನೂಲಿನ ಗಂಟು ಹಾಕಿರುತ್ತಿದ್ದಳಂತೆ:
ಗಂಟು ಕೈಗೆ ಸಿಕ್ಕರೆ ನಿನ್ನದು, ಇಲ್ಲವಾದರೆ ತಂಗಿಯದು.
ಅವಳಪ್ಪನೂ ಬೀಟ್ ಲಾರಿಯಲ್ಲಿ ಪಕ್ಕ ಕೂರಿಸಿಕೊಂಡು ಕಲಿಸಿದ್ದ:
ಮೇಲಿನದು ಹೊತ್ತಿದರೆ ನಿಲ್ಲು, ಕೆಳಗಿನದು ಹೊತ್ತಿದರೆ ಹೊರಡು.
ಎಲ್ಲ ತಾತಂದಿರೂ ಹೀಗೇ ಕಲಿಸುತ್ತಾರೆ ಅಂದುಕೊಂಡಿದ್ದನಂತೆ.

ವರ್ಣತಂತು ಎಂದು ನಾನು ದಪ್ಪಕ್ಷರದಲ್ಲಿ ಬರೆದದ್ದನ್ನು
ಆಕೆ ಎಂದೋ ಸೂಜಿಗೆ ಪೋಣಿಸಿಟ್ಟಿದ್ದಳು,
ಹೆಸರಿಡದೆ.

ಹೊರಡುವಾಗ ಬಾಗಿಲಲ್ಲಿ ನಿಂತು,
"ಈ ನದಿ ನನಗೆ ಯಾವತ್ತೂ ಮಣ್ಣಿನ ಬಣ್ಣವೇ," ಎಂದ.
"ಎಲ್ಲರಿಗೂ ಹಾಗೇ," ಎಂದೆ.
ನಂಬಲಿಲ್ಲ.

ರೇಡಿಯೋ ಸತ್ತರೆ ಟವರಿನಿಂದ ದೀಪ ತೋರಿಸುತ್ತಾರೆ,
ಹಸಿರಾದರೆ ಇಳಿ, ಕೆಂಪಾದರೆ ಇಳಿಯಬೇಡ.
ಆ ದೀಪಕ್ಕೆ ಮೇಲೆ ಕೆಳಗೆ ಎಂಬುದಿಲ್ಲ,
ಗಂಟು ಹಾಕಲು ಬಟ್ಟೆಯೂ ಇಲ್ಲ.
ಆರರಲ್ಲಿ ಎರಡು ತಪ್ಪಿದನೆಂದು ಬೋಧಕ ಕೆಸ್ಲರ್ ಹೇಳಿದ,
ಇಪ್ಪತ್ಮೂರರ ಹುಡುಗ, ತಾನೇ ತಪ್ಪಿದವನಂತೆ ನೆಲ ನೋಡುತ್ತ.
ವೈದ್ಯರ ಕಾಗದದಲ್ಲಿ ಒಂದೇ ಸಾಲು:
ರಾತ್ರಿ ಹಾರಾಟಕ್ಕೆ ಸಲ್ಲದು.

"ಹೊಲಕ್ಕೆ ಔಷಧಿ ಹೊಡೆಯುವ ವಿಮಾನ ಹಗಲಲ್ಲೇ ತಾನೆ?"
ಎಂದು ಕಾರಿಡಾರಿನಲ್ಲಿ ಕೇಳಿದ.
ನನಗೇನು ಗೊತ್ತು, ನಾನು ಕಪ್ಪೆ ಕೊಯ್ಯುವವಳು.
ಹೌದು ಎಂದೆ.

ನವೆಂಬರಿನಲ್ಲಿ ಇಲ್ಲಿ ಐದಕ್ಕೆಲ್ಲ ಕತ್ತಲು.
ನಾಲ್ಕೂವರೆಗೆ ಪ್ರಯೋಗಾಲಯದ ಬೇಸಿನ್ ತೊಳೆಯುತ್ತ
ಒಂದು ಸೆಸ್ನಾ ತಿರುಗುವುದನ್ನು ನೋಡುತ್ತೇನೆ,
ದೀಪ ಹಚ್ಚುವ ಮೊದಲೇ ಮನೆ ಸೇರಬೇಕೆಂದು
ಹೇಳಿಸಿಕೊಂಡ ಮಗುವಿನ ಹಾಗೆ.
ಪುಟಿಯುವುದಿಲ್ಲ ಅವನದು. ಒಂದೇ ಸಲ ಕೂರುತ್ತದೆ.

ಮುಂದಿನ ವರ್ಷ ಆ ಹಾಳೆಯನ್ನು ಮೊದಲ ವಾರಕ್ಕೇ ತರಬೇಕು,
ಶುಲ್ಕ ವಾಪಸು ಕೊಡುವ ಗಡುವಿನೊಳಗೆ.

ಪರೀಕ್ಷೆಯಲ್ಲಿ ಹನ್ನೊಂದನೆಯ ಪ್ರಶ್ನೆ:
ಲಿಂಗಸಂಬಂಧಿ ಅನುವಂಶೀಯತೆಗೆ ಒಂದು ಉದಾಹರಣೆ ಕೊಡಿ.
ಕೈಗವಸು, ಎಂದು ಬರೆದಿದ್ದ.
ಪೂರ್ತಿ ಅಂಕ ಕೊಡಲು ಕೆಂಪು ಪೆನ್ನು ಎತ್ತಿದೆ,
ಇಟ್ಟೆ,
ಪೆನ್ಸಿಲು ಹುಡುಕಿದೆ.