ಒಂದು ಗುಡಿಸು

ಬಟೂಮಿಯ ಬಂದರಿನ ಹಿಂದೆ, ಮೀನಿನ ಗೋದಾಮಿನ ಮೇಲಂತಸ್ತಿನಲ್ಲಿ
ಮಂಗಳವಾರ, ಗುರುವಾರ ರಾತ್ರಿ ಇಂಗ್ಲಿಷ್ ತರಗತಿ.
ಹಡಗಿನ ಎಂಜಿನ್ ಬಿಚ್ಚಿ ಕಟ್ಟುವ ತಮಾಜ್‌ಗೆ ಐವತ್ತೆರಡು;
ಪರೀಕ್ಷೆ ಪಾಸಾದರೆ ದೊಡ್ಡ ಹಡಗು, ಡಾಲರಿನ ಸಂಬಳ.
ಬೆರಳ ಸಂದಿಯ ಗ್ರೀಸು
ನೋಟುಬುಕ್ಕಿನ ಪ್ರತಿ ಮೂಲೆಗೂ ರುಜು ಹಾಕಿದೆ.

ಟೀಚರ್ ಲಮಾರಾ ಬೋರ್ಡಿನ ಮೇಲೆ ಬರೆದಳು: ಡಿಸೆಂಬಲ್.
ಅರ್ಥ ಹೇಳುವ ಮೊದಲೇ ತಮಾಜ್ ಕೈಯೆತ್ತಿದ.
ಮೂವತ್ತು ವರ್ಷದ ಕಸುಬು, ಗೊತ್ತಿಲ್ಲವೇ?
'ಪ್ರತಿ ಭಾನುವಾರ ನಾನು ಪಂಪನ್ನು ಡಿಸೆಂಬಲ್ ಮಾಡುತ್ತೇನೆ.'
ಯಾರೂ ನಗಲಿಲ್ಲ. ಯಾರಿಗೂ ಪದ ಗೊತ್ತಿರಲಿಲ್ಲ.
ಲಮಾರಾ ಸೀಮೆಸುಣ್ಣ ಕೆಳಗಿಟ್ಟಳು:
ನೀವು ಹೇಳುತ್ತಿರುವುದು ಡಿಸ್‌ಅಸೆಂಬಲ್, ನಡುವೆ ಒಂದು 'ಅ' ಇದೆ.
ಇದು ಬೇರೆ. ಇದು, ಮನಸ್ಸಿನಲ್ಲಿರುವುದನ್ನು
ಮುಖದವರೆಗೆ ಬರಗೊಡದಿರುವುದು.

ನಾನಿದನ್ನು ಹೇಳುತ್ತಿರುವ ನುಡಿಯಲ್ಲೂ ಹಾಗೆಯೇ:
ಬಿಚ್ಚಿಡು, ಬಚ್ಚಿಡು.
ಒಂದು ಗುಡಿಸು ಉದುರಿದರೆ ಸಾಕು,
ಜಮಖಾನದ ಮೇಲೆ ಹರಡಿದ್ದೆಲ್ಲ
ಜಮಖಾನದ ಕೆಳಗೆ.

ಭಾನುವಾರ ಅಡುಗೆಮನೆಯ ನೆಲಕ್ಕೆ ಹಳೇ ಪೇಪರು ಹಾಸಿ
ಬಾಯ್ಲರು ಬಿಚ್ಚಿಟ್ಟಿದ್ದ. ಬರ್ನರು, ವಾಲ್ವು,
ಮಸಿ ಹಿಡಿದ ಕೊಳವೆ, ಒಂಬತ್ತು ದಿನದ ಚಳಿ.
ಹನ್ನೊಂದಕ್ಕೆ ಫೋನು. ಬಾರಿಯಿಂದ ಹೆಂಡತಿ ನಾತೆಲಾ.
ಇಟಲಿಯಲ್ಲಿ, ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು
ನಾಲ್ಕು ವರ್ಷದಿಂದ ಮಗ್ಗುಲು ಬದಲಿಸಿ ಮಲಗಿಸುವ ಕೆಲಸ.

ತಮಾಜ್ ಕೋಟು ಕಳಚಿ ಎಸೆದ,
ಬರೀ ಅಂಗಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ.
ಮನೆ ಬೆಚ್ಚಗಿದೆಯಾ?
ಕಿಟಕಿ ತೆಗೆದಿಟ್ಟಿದ್ದೇನೆ, ಅಷ್ಟು.
ಬಾಯಿಯ ಹಬೆ ಕಾಣದಿರಲೆಂದು
ಪಕ್ಕಕ್ಕೆ ತಿರುಗಿ ತಿರುಗಿ ಮಾತಾಡಿದ.

ಅವಳ ಫೋನೂ ಒಂದು ಕಡೆ ನಿಲ್ಲುತ್ತಿರಲಿಲ್ಲ.
ನಿಂಬೆಗಿಡ, ನೀಲಿ ಬಕೆಟ್ಟು, ಮತ್ತೆ ನಿಂಬೆಗಿಡ.
ಬಲಗೈ ಒಮ್ಮೆಯೂ ಚೌಕಟ್ಟಿಗೆ ಬರಲಿಲ್ಲ.
ಮೊಣಕೈಯವರೆಗೆ ಬ್ಯಾಂಡೇಜಿದೆ ಎಂದು ಅವಳ ಗೆಳತಿ ಹೇಳಿದ್ದಳು.
ಅವನಿಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ.
ಅಥವಾ ಗೊತ್ತು.

ಈ ವಾರ ಏನು ಕಲಿಸಿದರು?
ಬೋಲ್ಟು, ನಟ್ಟು, ಅಂಥವೇ, ಅಂದ.
ನಕ್ಕಳು. ನಗು ನೆಟ್‌ವರ್ಕಿಗೆ ಸಿಕ್ಕಿ
ಬಿಡಿಬಿಡಿಯಾಗಿ ಬಂತು.
ಒಂದೊಂದನ್ನೇ ಹೆಕ್ಕಿ ಜೋಡಿಸಿಕೊಂಡ,
ಬಾಯ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಮಂಗಳವಾರ ಲಮಾರಾ ನೋಟುಬುಕ್ಕು ತಿರುವಿದಳು.
ಪಂಪಿನ ವಾಕ್ಯದ ಕೆಳಗೆ ಖಾಲಿ ಗೆರೆಗಳು.
ಹೊಸ ಪದ ಬಳಸಿ ಒಂದು ವಾಕ್ಯ ಬರೆಯಲು ಹೇಳಿದ್ದೆನಲ್ಲ?
ಮರೆತೆ, ಅಂದ ತಮಾಜ್,
ಹುಬ್ಬು ಕೂಡ ಕದಲಲಿಲ್ಲ.