ಸ್ಲೈಡಿನ ಮೇಲೆ ಮೊಸರು

ಬಾಗಲಕೋಟೆ ನವನಗರದ ನಮ್ಮ ಲ್ಯಾಬಿಗೆ
ಮುಂಜಾನೆ ಏಳಕ್ಕೇ ಬರುತ್ತವೆ ಡಬ್ಬಿಗಳು:
ಹೆಸರು, ಊರು, ವಯಸ್ಸು, ಒಂದು ಚಮಚೆಯಷ್ಟು ಮಲ.
ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ
ಊರಿನ ಹೊಟ್ಟೆಯನ್ನು, ಒಂದು ಕಣ್ಣು ಮುಚ್ಚಿ.
ಮದುವೆ ಮನೆಯಲ್ಲಿ ಎದುರಾದವರು ನಗುತ್ತಾರೆ,
ನನಗೆ ಮೊದಲು ನೆನಪಾಗುವುದು ಅವರ ರಿಪೋರ್ಟು.

ನೀಲಗಂಗವ್ವ ಬರುವುದು ಎಂಟೂವರೆಗೆ
ಮುಚಖಂಡಿಯಿಂದ, ಟಂಟಂ ಗಾಡಿಯಲ್ಲಿ,
ತೊಡೆಯ ಮೇಲೆ ಕರೀ ಗಡಿಗೆ.
ಎಮ್ಮೆಯ ಮೊಸರು, ಬೋರಲು ಹಾಕಿದರೂ ಜಾರದ್ದು.
ಅವಳು ಅದನ್ನು ತೆಗೆಯುವುದಿಲ್ಲ, ಕೊರೆಯುತ್ತಾಳೆ.

ಅವತ್ತು ಅಳೆದು ಹಾಕಿದವಳು ಹೋಗಲಿಲ್ಲ.
"ತಂಗೀ, ಮೊಮ್ಮಗಗ ಜ್ವರಾ ಬಂದು
ದವಾಖಾನ್ಯಾಗ ಗುಳಿಗಿ ಕೊಟ್ರು, ಜ್ವರಾ ಬಿಡ್ತು, ಹೊಟ್ಟಿ ಕೆಟ್ತು.
ಈಗ ಪುಡಿ ಬರದಾರ. ಒಳಗ ಜೀವಂತ ಹುಳಾ ಅದಾವಂತ, ಒಳ್ಳೇವು,
ಒಂದು ಪಾಕೀಟಿಗೆ ಇಪ್ಪತ್ತೆಂಟು ರೂಪಾಯಿ.
ನನ್ನ ಗಡಿಗ್ಯಾಗ ಅವಿಲ್ಲೇನು?
ನೋಡಿ ಹೇಳು, ನಿನ್ನ ಕಡೆ ಮಷೀನ ಐತಲ್ಲ."

ಉಗುರಿನ ತುದಿಯಷ್ಟು ಮೊಸರು, ಒಂದು ಹನಿ ನೀರು.
ಗಾಜಿನ ಮೇಲೆ ಸವರಿ, ಉರಿಯ ಮೇಲೆ ಹಾಯಿಸಿ,
ನೇರಳೆ ಬಣ್ಣ ಹಾಕಿ ತೊಳೆದು, ಎಣ್ಣೆ ಹನಿಸಿ
ಅವಳನ್ನೇ ಸ್ಟೂಲಿನ ಮೇಲೆ ಕೂರಿಸಿದೆ.
ಮೊದಲು ಎರಡೂ ಕಣ್ಣು ಮುಚ್ಚಿದಳು.
"ಒಂದನ್ನ ತೆರಿಯಬೇ."
ಆಮೇಲೆ ಬಹಳ ಹೊತ್ತು ಸುದ್ದಿಯಿಲ್ಲ.
"ಉಳ್ಳಾಗಡ್ಡಿ ಸಿಪ್ಪಿ ಬಣ್ಣ" ಅಂದಳು.
"ಒಂದಿಷ್ಟು ಕಡ್ಡಿ, ಒಂದಿಷ್ಟು ಮಣಿ ಪೋಣಿಸಿದಂಗ.
ಯಾಕ ಅಳ್ಳಾಡವಲ್ವು?"
ಉರಿಗೆ ಹಿಡಿದಾಗಲೇ ಸತ್ತಿವೆ, ಎಂದೆ.
"ಅಂದ್ರ ಸತ್ತವ್ರನ್ನ ನೋಡಿ ಇದ್ದವ್ರ ಗುಣಾ ಹೇಳ್ತೀ."

ಓದಿದ್ದಷ್ಟು ಹೇಳಿದೆ.
ಜಠರದ ಆಮ್ಲದಲ್ಲೇ ಬಹಳಷ್ಟು ಮುಗಿಯುತ್ತವೆ.
ದಾಟಿದವು ಕರುಳಿನಲ್ಲಿ ಬಿಡಾರ ಹೂಡುವುದು ಅಪರೂಪ,
ನಾಲ್ಕು ದಿನದ ಬೀಗರು, ಉಂಡು, ತಾಟು ತೊಳೆದಿಟ್ಟು ಹೊರಡುತ್ತವೆ.
ಹಾಲು ಅರಗದವರಿಗೆ ಮೊಸರು ಅರಗೀತು, ಅದು ಖರೇ.
ಗುಳಿಗೆಯಿಂದ ಕೆಟ್ಟ ಹೊಟ್ಟೆ ಕೆಲವರದು ಬೇಗ ಹಿಡಿದೀತು,
ಎಲ್ಲರದೂ ಅಲ್ಲ, ಎಲ್ಲ ಹುಳದಿಂದಲೂ ಅಲ್ಲ.
ಸಕ್ಕರೆ ಕಾಯಿಲೆ, ಮನಸ್ಸಿನ ಬ್ಯಾಸರ, ಮುಖದ ಹೊಳಪು
ಎಂದು ಪಾಕೀಟಿನ ಬೆನ್ನ ಮೇಲೆ ಬರೆದದ್ದಕ್ಕೆ ಬಂದಾಗ
ನಾಲಿಗೆ ತಡವರಿಸಿತು.
ಗೊತ್ತಿಲ್ಲ ಎನ್ನುವುದಕ್ಕೆ
ನಮ್ಮ ರಿಪೋರ್ಟಿನಲ್ಲಿ ಕಾಲಂ ಇಲ್ಲ.

ಅವಳು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದಳು, ಬಿಚ್ಚಿದಳು.
"ನಮ್ಮತ್ತಿ ಇಟ್ಟ ಹೆಪ್ಪು, ನಲವತ್ತು ವರ್ಷದ್ದು
ಅಂತ ಹೇಳೇ ಮಾರತೀನಿ, ನಿನಗೂ ಹೇಳೇನಿ.
ಲಾಕ್‌ಡೌನ್ ವರ್ಷ ಎಮ್ಮಿ ಬತ್ತಿತ್ತು, ಹೆಪ್ಪು ಹಳಸಿತು.
ಕಡಾ ತಂದ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿದ್ನಿ, ಕೂಡಲಿಲ್ಲ.
ಅಂಗಡ್ಯಾಗಿಂದ ಹತ್ರುಪಾಯಿ ಮೊಸರು ತಂದು
ಹಿತ್ತಲ ಕದಾ ಹಾಕ್ಕೊಂಡು ಹೆಪ್ಪು ಹಾಕಿದ್ನಿ.
ಉಂಡವ್ರು ಯಾರೂ ಒಂದು ಮಾತ ಅನ್ನಲಿಲ್ಲ.
ನನಗಷ್ಟ ನಿದ್ದಿ ಇಲ್ಲ.
ಈಗ ನೋಡು, ಇದ್ರಾಗ ನಮ್ಮತ್ತೀವು ಯಾವು, ಅಂಗಡೀವು ಯಾವು?"

ಮತ್ತೊಮ್ಮೆ ಬಗ್ಗಿ ನೋಡಿದೆ, ಗೊತ್ತಾಗುವಂತೆ.
ಕಡ್ಡಿಗಳ ಮೇಲೆ ಮನೆತನ ಬರೆದಿರಲಿಲ್ಲ.

ಎಂಟು ದಿನದ ಮೇಲೆ ಬಂದಾಗ ಕೇಳಿದೆ.
"ಎರಡು ಪಾಕೀಟ ತಂದ್ನಿ, ಮೊಸರೂ ಉಣಿಸಿದ್ನಿ,
ಹಟ್ಟಿಯ ದ್ಯಾವ್ರಿಗೆ ಕಾಯೀನೂ ಒಡಿಸಿದ್ನಿ.
ಹುಡುಗ ಆರಾಮ ಆಗ್ಯಾನ. ಯಾವುದ್ರಿಂದ ಅಂತ
ನೀನ ಬರಕೋ, ಓದಿದಾಕಿ."

ಆ ಸ್ಲೈಡು ಒರೆಸಲು ಮನಸ್ಸಾಗಿರಲಿಲ್ಲ.
ಚೀಟಿ ಅಂಟಿಸಿದೆ ಅವಳೆದುರೇ:
ಹೆಸರು, ಮೊಸರು. ಊರು, ಮುಚಖಂಡಿ.
ವಯಸ್ಸು ಎಂಬಲ್ಲಿ ಪೆನ್ನು ನಿಂತಿತು.
ಇಣುಕಿ ನೋಡಿದಳು, ಸೆರಗಿನಿಂದ ಕೈ ಒರೆಸಿಕೊಂಡಳು.
"ನಿನ್ನಿ ರಾತ್ರೀದು ಅಂತ ಬರಿ.
ಮೊಸರು ಅಂದ್ರ ನಿನ್ನಿ ರಾತ್ರೀದ ಅಲ್ಲೇನು?
ಸರಿ, ಪಾತ್ರೆ ಹಿಡಿ. ಟಂಟಂ ನಿಂತೈತಿ."